ಪ್ರಗತಿಯ ಹೆಸರಿಗೆ ಬಂದ ಬೇಟೆ

ಡಾಕ್ಟರ್ ಕೃಷ್ಣಮೂರ್ತಿ ಪ್ರತಿ ವರ್ಷವೂ ಅರ್ಜಿ ಹಾಕುತ್ತಿದ್ದರು, ಪ್ರತಿ ವರ್ಷವೂ ಚೀಟಿ ಇನ್ನಾರದೋ ಹೆಸರಿಗೆ ಬೀಳುತ್ತಿತ್ತು. ಹ್ಯೂಸ್ಟನ್ನಿನಲ್ಲಿ ಒಂದು ಆಯುಷ್ಯದಷ್ಟು ಕಾಲ ಜನರ ಎದೆ ಸೀಳಿ, ಹೃದಯ ರಿಪೇರಿ ಮಾಡಿ ನಿವೃತ್ತರಾದ ಮನುಷ್ಯ. ಬೇಕೆಂದದ್ದು ಕೈಗೆ ಬರದಿದ್ದರೆ ತಡೆದುಕೊಂಡು ಅಭ್ಯಾಸವಿರಲಿಲ್ಲ. ಆಪರೇಷನ್ ಥಿಯೇಟರಿನಲ್ಲಿ ಬೇರೆ ಕತ್ತರಿ ಕೊಟ್ಟ ನರ್ಸಿನ ಕಡೆಗೆ ಅದನ್ನೇ ಬೀಸಿ ಒಗೆದು, ಆಕೆಯ ಕೆನ್ನೆ ಹರಿದು, ಆಮೇಲೆ ತಾವೇ ಹೊಲಿಗೆ ಹಾಕಿದ್ದರಂತೆ. ಮಗ ಗಿರಿಧರನಿಗೂ ಚಿಕ್ಕಂದಿನಲ್ಲಿ ಅವರ ಬೆಲ್ಟಿನ ಪರಿಚಯ ಚೆನ್ನಾಗಿಯೇ ಆಗಿತ್ತು.

ಅವರಿಗೆ ಬೇಕಾಗಿದ್ದದ್ದು ಒಂದು ಗೆಮ್ಸ್‌ಬಾಕ್. ಆಫ್ರಿಕಾದ ಪ್ರಾಣಿ, ಜಿಂಕೆಯ ಬಳಗ, ಆದರೆ ಗಾತ್ರದಲ್ಲಿ ಎತ್ತಿನಷ್ಟು. ಮುಖದ ಮೇಲೆ ಕಪ್ಪು ಬಿಳಿ ಪಟ್ಟೆ, ನೆತ್ತಿಯ ಮೇಲೆ ಈಟಿಯ ಹಾಗೆ ನೆಟ್ಟಗೆ ನಿಂತ ಎರಡು ಕೊಂಬು. ಯಾವ ಕಾಲದಲ್ಲೋ ಯಾರೋ ತಂದು ಬಿಟ್ಟದ್ದು ಟೆಕ್ಸಾಸಿನ ಗುಡ್ಡಗಳಲ್ಲಿ ಬೆಳೆದುಕೊಂಡಿತ್ತು. ಖಾಸಗಿ ರಾಂಚುಗಳಲ್ಲಿ, ಬೇಲಿ ಹಾಕಿದ ದೊಡ್ಡ ಜಮೀನುಗಳಲ್ಲಿ, ದುಡ್ಡು ಕೊಟ್ಟರೆ ಹೊಡೆಯಲು ಬಿಡುತ್ತಾರೆ. ಕೃಷ್ಣಮೂರ್ತಿಗೆ ಅದು ಕೋಳಿ ಅಂಗಡಿಗೆ ಹೋಗಿ ಬೆರಳು ತೋರಿಸಿದ ಹಾಗೆ. ಸರ್ಕಾರಿ ಕಾಡಿನಲ್ಲಿ, ಬೇಲಿಯಿಲ್ಲದ ಕಡೆ, ಲಾಟರಿಯಲ್ಲಿ ಹೆಸರು ಬಂದವರಿಗೆ ಮಾತ್ರ ಸಿಗುವ ಬೇಟೆಯೇ ಬೇಟೆ ಅಂತ ಅವರ ಹಟ. ಆ ಬೇಟೆಗೆ ಅರ್ಜಿ ಹಾಕುವವರು ಸಾವಿರಾರು ಜನ, ಸಿಗುವುದು ಬೆರಳೆಣಿಕೆಯಷ್ಟು ಮಂದಿಗೆ.

ಆ ವರ್ಷ ಅವರಿಗೆ ಒಂದು ಉಪಾಯ ಹೊಳೆಯಿತು. ಗೌರಿ ಹಬ್ಬಕ್ಕೆ ಮಗ ಸೊಸೆ ಆಸ್ಟಿನ್ ಪಕ್ಕದ ಲಿಯಾಂಡರಿನಿಂದ ಬಂದಿದ್ದರು. ಊಟದ ಮೇಜಿನಲ್ಲಿ ಫೋನ್ ಹಿಡಿದು ಕೂತು ಹೆಂಡತಿ ಅನಸೂಯಾ, ಮಗ, ಸೊಸೆ ಎಲ್ಲರ ಹೆಸರಲ್ಲೂ ಒಂದೊಂದು ಅರ್ಜಿ ಹಾಕಿದರು.

“ಪ್ರಗತಿ, ನಿನ್ನ ಹುಟ್ಟಿದ ತಾರೀಕು ಹೇಳಮ್ಮ. ಹೆಸರಿಗೆ ಅಷ್ಟೆ.”

ಸಾರು ಬಡಿಸುತ್ತಿದ್ದ ಸೊಸೆ ಪ್ರಗತಿ ಹೇಳಿದಳು. ಹೇಳಿ ಮರೆತೂಬಿಟ್ಟಳು.

ಅಕ್ಟೋಬರಿನಲ್ಲಿ ಆಫೀಸಿನ ಮೀಟಿಂಗಿನ ನಡುವೆ ಅವಳಿಗೆ ಇಮೇಲ್ ಬಂತು. ಚೀಟಿ ಅವಳ ಹೆಸರಿಗೆ ಬಿದ್ದಿತ್ತು. ಊಟದ ಹೊತ್ತಿಗೆ ಹೊರಗೆ ಬಂದು ಮಾವನಿಗೆ ಫೋನ್ ಮಾಡಿದಳು. ಆ ಕಡೆಯಿಂದ ಬಂದ ಗರ್ಜನೆಗೆ ಫೋನನ್ನು ಕಿವಿಯಿಂದ ದೂರ ಹಿಡಿಯಬೇಕಾಯಿತು.

“ಭಲೇ! ಜನವರಿಗೆ ರೆಡಿಯಾಗು. ನೀನು ಸುಮ್ನೆ ಬಂದು ಕೂತ್ಕೋ, ಹೊಡೆಯೋದು ನಾನು.”

ಪ್ರಗತಿ ಅಷ್ಟರಲ್ಲೇ ನಿಯಮಗಳನ್ನೆಲ್ಲ ಓದಿದ್ದಳು. ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದೇ ಅವಳ ಕಸುಬು, ಸಣ್ಣ ಅಕ್ಷರ ಬಿಡುವವಳಲ್ಲ.

“ಹಂಗ ಆಗೂದಿಲ್ರಿ ಮಾವಾರ. ಅದು ನನ್ನ ಹೆಸರಿಗೆ ಬಂದೈತಿ. ನಾನ ಹೊಡೀಬೇಕು. ನೀವು ಜೋಡಿಗೆ ಬರಬಹುದು, ಆದ್ರ ಬಂದೂಕು ಮುಟ್ಟಂಗಿಲ್ಲ.”

“ಕಾಡೊಳಗೆ ಯಾರಮ್ಮ ನೋಡ್ತಾರೆ?”

“ಕಾಡಿನ ಇಲಾಖಿ ಗೈಡ್ ಬಾಜೂಕ ಇರ್ತಾನ್ರಿ.”

“ಮತ್ತೆ? ಬಿಟ್ಟುಬಿಡೋಣ ಅಂತೀಯಾ?”

“ಇಲ್ರಿ. ನಾ ಹೊಡೀತೇನಿ.”

ಕೃಷ್ಣಮೂರ್ತಿ ನಕ್ಕರು. ನಗು ನಿಂತ ಮೇಲೂ ಸೊಸೆ ಫೋನ್ ಇಡಲಿಲ್ಲ. ಗದಗಿನ ಲಿಂಗಾಯತರ ಮನೆಯ ಹುಡುಗಿ. ಅವಳ ತವರುಮನೆಯೊಳಕ್ಕೆ ಮೊಟ್ಟೆ ಕೂಡ ಬಂದದ್ದಿಲ್ಲ. ಮಂಡ್ಯ ಕಡೆಯವರಾದ ಮಾವನ ಮನೆಯಲ್ಲಿ ಮಾಂಸದ ಊಟ ನಡೆಯುವಾಗ ಅವಳು ತನ್ನ ರೊಟ್ಟಿ ಪಲ್ಯ ಹಿಡಿದು ಮೇಜಿನ ಆ ತುದಿಗೆ ಕೂರುವವಳು. ಯಾಕೆ ಹಾಗೆ ಹೇಳಿದೆ ಎಂದು ಅವಳಿಗೇ ಗೊತ್ತಿರಲಿಲ್ಲ. ‘ಸುಮ್ನೆ ಬಂದು ಕೂತ್ಕೋ’ ಎಂಬ ಮಾತು ಎಲ್ಲೋ ಚುಚ್ಚಿತ್ತು, ಅಷ್ಟೆ.

ಗಿರಿಧರನಿಗೆ ಇದು ಸುತರಾಂ ಇಷ್ಟವಿರಲಿಲ್ಲ. “ಬೇಡ ಕಣೆ. ಅಪ್ಪ ಇರೋ ಕಡೆ ಗನ್ ಇರಬಾರದು,” ಎಂದ.

“ಹಂಗಾದ್ರ ನೀನೂ ಬಾ.”

ಅವನು ಪಾತ್ರೆ ತೊಳೆಯಲು ಎದ್ದು ಹೋದ. ಅಪ್ಪನ ವಿಷಯ ಬಂದಾಗಲೆಲ್ಲ ಅವನು ಎದ್ದು ಹೋಗುತ್ತಿದ್ದ.

ಶನಿವಾರಗಳಂದು ಪ್ರಗತಿ ಹ್ಯೂಸ್ಟನ್ನಿಗೆ ಡ್ರೈವ್ ಮಾಡತೊಡಗಿದಳು. ಊರಾಚೆಯ ಶೂಟಿಂಗ್ ರೇಂಜಿನಲ್ಲಿ ಮಾವ ಕಲಿಸುತ್ತಿದ್ದರು. ಕಲಿಸುವುದು ಎಂದರೆ ಬೈಯುವುದು. ಭುಜ ಸಡಿಲ ಬಿಟ್ಟರೆ ಬೈಗುಳ, ಕಣ್ಣು ಮುಚ್ಚಿದರೆ ಬೈಗುಳ. ಎರಡನೆಯ ಶನಿವಾರ ಅವಳು ರೈಫಲ್ಲಿಗೆ ತೀರ ಹತ್ತಿರ ಮುಖವಿಟ್ಟು ಬಂದೂಕಿನ ಕುದುರೆ ಎಳೆದಳು. ರೈಫಲ್ ಹಿಂದಕ್ಕೆ ಒದ್ದು, ಗುರಿ ನೋಡುವ ಸ್ಕೋಪ್ ಕೊಳವೆಯ ಅಂಚು ಹುಬ್ಬಿನ ಮೇಲೆ ಬಡಿದು ಚರ್ಮ ಸೀಳಿತು. ರಕ್ತ ಕಣ್ಣಿಗಿಳಿದು ಏನೂ ಕಾಣದಾಯಿತು. ಮಾವ ಹೊಟ್ಟೆ ಹಿಡಿದುಕೊಂಡು ನಕ್ಕರು. ಮನೆಗೆ ಕರೆದುಕೊಂಡು ಹೋಗಿ ಗರಾಜಿನ ಬೆಂಚಿನ ಮೇಲೆ ಕೂರಿಸಿ, ಮರಗಟ್ಟಿಸುವ ಮದ್ದೂ ಇಲ್ಲದೆ ಸೂಜಿ ಚುಚ್ಚಿ ಹೊಲಿದರು. ಪ್ರಗತಿ ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿದಳೇ ಹೊರತು ಸದ್ದು ಮಾಡಲಿಲ್ಲ.

“ಅಳಲ್ವಾ?” ಎಂದರು ಮಾವ, ದಾರ ಕತ್ತರಿಸುತ್ತ.

“ನೀವು ಕೈ ಬೇಗ ನಡಸ್ರಿ.”

ಅವರು ಒಂದು ಕ್ಷಣ ಅವಳ ಮುಖ ನೋಡಿದರು. ಆಮೇಲಿನ ಶನಿವಾರಗಳಲ್ಲಿ ಬೈಗುಳ ಕಡಿಮೆಯಾಗಲಿಲ್ಲ, ಆದರೆ ನಗು ನಿಂತಿತು. ಡಿಸೆಂಬರಿನ ಹೊತ್ತಿಗೆ ಅವಳು ಇಟ್ಟ ಗುರಿಗೆ ಹೊಡೆಯುತ್ತಿದ್ದಳು. ಉಸಿರು ಬಿಟ್ಟು, ಮುಂದಿನ ಉಸಿರು ತೆಗೆದುಕೊಳ್ಳುವ ಮುಂಚೆ ಒಂದು ಖಾಲಿ ಜಾಗ ಬರುತ್ತದೆ. ಅಲ್ಲಿ ಬೆರಳು ತಾನಾಗಿಯೇ ಮಡಚಿಕೊಳ್ಳುತ್ತದೆ. ಆ ಖಾಲಿ ಜಾಗ ಅವಳಿಗೆ ಹಿತವಾಗತೊಡಗಿತ್ತು. ಇದನ್ನು ಗಂಡನಿಗೆ ಹೇಳಲಿಲ್ಲ, ಗದಗಿಗೆ ಫೋನ್ ಮಾಡಿದಾಗ ತಾಯಿಗಂತೂ ಹೇಳಲೇ ಇಲ್ಲ.

ಜನವರಿಯ ಆ ಬೆಳಿಗ್ಗೆ ಚಳಿ ಮೂಗಿನ ತುದಿ ಕಚ್ಚುತ್ತಿತ್ತು. ಆಸ್ಟಿನ್ನಿನಿಂದ ಪಶ್ಚಿಮಕ್ಕೆ, ಕಲ್ಲುಗುಡ್ಡಗಳ ನಡುವಿನ ಸರ್ಕಾರಿ ಕಾಡು. ವೇಡ್ ಎಂಬ, ಅರ್ಧ ನರೆತ ಗಡ್ಡದ ಗೈಡ್ ಮಾವ ಸೊಸೆಯರನ್ನು ಟ್ರಕ್ಕಿನಿಂದ ಇಳಿಸಿ ನಡೆಸಿಕೊಂಡು ಹೋದ. ಹೊರಡುವ ಮುಂಚೆ ಕೃಷ್ಣಮೂರ್ತಿಯ ಮುಖಕ್ಕೆ ಮುಖ ಕೊಟ್ಟು, ಬಂದೂಕು ಆಕೆಯ ಕೈಯಲ್ಲಿ ಮಾತ್ರ ಇರಬೇಕು ಎಂದು ಹೇಳಿದ್ದ. ಕೃಷ್ಣಮೂರ್ತಿ ತಲೆಯಾಡಿಸಿದ್ದರು, ಮಗುವಿಗೆ ಹೇಳುವಂತೆ ಹೇಳಿದನಲ್ಲ ಎಂದು ಆಮೇಲೆ ಕನ್ನಡದಲ್ಲಿ ಗೊಣಗಿದ್ದರು.

ಬಂಡೆಯೊಂದರ ಮರೆಯಲ್ಲಿ ಮೂವರೂ ಕೂತರು. ಪ್ರಗತಿ ರೈಫಲ್ಲನ್ನು ಮೂರು ಕಾಲಿನ ಆಸರೆಯ ಮೇಲಿಟ್ಟುಕೊಂಡಿದ್ದಳು. ಬಿಸಿಲು ಕಣಿವೆಗೆ ಇಳಿಯುತ್ತಿದ್ದ ಹಾಗೆ ಅದು ಓಕ್ ಮರಗಳ ಹಿಂದಿನಿಂದ ಹೊರಬಂತು. ಒಂಟಿ ಗಂಡು. ಬೂದು ಮೈ, ಕಪ್ಪು ಪಟ್ಟೆ, ಬಾಲ ಕುದುರೆಯದರಂತೆ ಉದ್ದ. ತಲೆ ಎತ್ತಿದಾಗ ಕೊಂಬುಗಳು ಬೆನ್ನಿನ ಮೇಲೆ ಎರಡು ಗೆರೆ ಎಳೆದ ಹಾಗೆ ಕಂಡವು. ಇಷ್ಟು ಚೆಂದದ ಪ್ರಾಣಿಯನ್ನು ಪ್ರಗತಿ ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಇದನ್ನು ಕೊಲ್ಲಲು ಬಂದಿದ್ದೇನೆ ಎಂಬುದು ಆಗ ಮೊದಲ ಬಾರಿಗೆ ಮೈಗೆ ತಟ್ಟಿತು. ಆದರೂ ಸ್ಕೋಪಿಗೆ ಕಣ್ಣಿಟ್ಟಳು.

ಪ್ರಾಣಿ ಹಿಂಭಾಗವನ್ನು ಇವರ ಕಡೆ ಮಾಡಿ ಮೇಯುತ್ತಿತ್ತು.

“ಕಾಯಿ,” ಎಂದು ವೇಡ್ ಇಂಗ್ಲಿಷಿನಲ್ಲಿ ಪಿಸುಗುಟ್ಟಿದ. “ತಿರುಗಲಿ. ಪಕ್ಕೆ ಕಾಣಿಸಲಿ.”

“ಹೊಡಿ,” ಎಂದರು ಮಾವ.

ಅವಳು ಅಲುಗಾಡಲಿಲ್ಲ.

“ಹೊಡಿಯೇ! ಪೊದೆಗೆ ನುಗ್ಗಿದ್ರೆ ಮುಗೀತು!”

“ತಿರಗವಲ್ತು ಮಾವಾರ. ತಡೀರಿ.”

ಗೆಮ್ಸ್‌ಬಾಕ್ ಎರಡು ಹೆಜ್ಜೆ ಮುಂದಿಟ್ಟಿತು. ಮುಂದೆ ದಟ್ಟ ಸೀಡರ್ ಪೊದೆ. ಇನ್ನೆರಡು ಹೆಜ್ಜೆ. ಆಗ ಪ್ರಗತಿಯ ಪಕ್ಕೆಗೆ ಮೊಣಕೈ ಬಿತ್ತು. ಅವಳು ಉಸಿರು ಕಟ್ಟಿ ಪಕ್ಕಕ್ಕೆ ಉರುಳುವಷ್ಟರಲ್ಲಿ ರೈಫಲ್ ಮಾವನ ಕೈಯಲ್ಲಿತ್ತು. ವೇಡ್ ಕೂಗಿ ಕೈ ಚಾಚಿದ. ಗುಂಡು ಹಾರಿತು.

ಒದ್ದೆ ಕಂಬಳಿಯನ್ನು ಬಂಡೆಗೆ ಬಡಿದಂತಹ ಸದ್ದು. ಪ್ರಾಣಿಯ ಹಿಂಗಾಲುಗಳು ಕುಸಿದು ಮತ್ತೆ ಎದ್ದವು. ಅದು ಅರ್ಧ ಸುತ್ತು ತಿರುಗಿದಾಗ ಹೊಟ್ಟೆ ಬಿರಿದು ಕರುಳು ತೂಗುತ್ತಿರುವುದು ಬರಿಗಣ್ಣಿಗೇ ಕಂಡಿತು. ಅದು ಒಂದು ಸಲ ಗಂಟಲ ಆಳದಿಂದ ಕೂಗಿತು. ಎತ್ತಿನ ಕೂಗೂ ಅಲ್ಲ, ಜಿಂಕೆಯದೂ ಅಲ್ಲ. ಕೂಗುತ್ತಲೇ ಪೊದೆಯೊಳಗೆ ನುಗ್ಗಿ ಹೋಯಿತು.

ವೇಡ್ ರೈಫಲ್ಲನ್ನು ಕಿತ್ತುಕೊಂಡ. “ನಿಮ್ಮ ಬೇಟೆ ಮುಗಿಯಿತು ಡಾಕ್ಟರ್. ಇಲ್ಲಿ ಕೂತಿರಿ,” ಎಂದ. ರೈಫಲ್ಲನ್ನು ಪ್ರಗತಿಯ ಕೈಗೆ ಕೊಟ್ಟು, ಹೊಟ್ಟೆಗೆ ಪೆಟ್ಟು ಬಿದ್ದ ಪ್ರಾಣಿಯನ್ನು ಮಲಗಲು ಬಿಡಬೇಕು, ಬೆನ್ನಟ್ಟಿದರೆ ತಿರುಗಿ ಮೇಲೆ ಬೀಳುತ್ತದೆ, ತಾನು ಬರುವವರೆಗೆ ಯಾರೂ ಕದಲಬಾರದು ಎಂದು ಹೇಳಿದ. ಆ ತಗ್ಗಿನಲ್ಲಿ ರೇಡಿಯೋ ಹಿಡಿಯುತ್ತಿರಲಿಲ್ಲ. ಬೇಟೆಯ ಕಾನೂನು ನೋಡಿಕೊಳ್ಳುವ ವಾರ್ಡನ್ನಿಗೂ, ರಕ್ತದ ಜಾಡು ಹಿಡಿಯುವ ನಾಯಿ ಇರುವವರಿಗೂ ಹೇಳಿ ಕಳಿಸಲು ಗುಡ್ಡ ಹತ್ತಿ ಟ್ರಕ್ಕಿನ ಕಡೆ ಹೋದ.

ಅವನ ಬೆನ್ನು ಮರೆಯಾದದ್ದೇ ತಡ, ಕೃಷ್ಣಮೂರ್ತಿ ಎದ್ದರು.

“ಎಲ್ಲಿಗ್ರಿ?”

“ಅದು ಇಲ್ಲೇ ಎಲ್ಲೋ ಬಿದ್ದಿರುತ್ತೆ. ಮುಗಿಸಿಬಿಟ್ರೆ ಅವನ ಬಾಯಿ ಮುಚ್ಚುತ್ತೆ.” ಸೊಂಟದಿಂದ ಚಾಕು ತೆಗೆದಿದ್ದರು.

“ಹೋಗಬ್ಯಾಡ್ರಿ ಮಾವಾರ! ಅಂವಾ ಹೇಳಿದ್ದು ಕೇಳಲಿಲ್ಲೇನು?”

“ನಂಗೆ ಪ್ರಾಣದ ವಿಷಯ ಹೇಳ್ಕೊಡೋಕೆ ಬರ್ಬೇಡ,” ಎಂದು ಅವರು ಇಳಿದು ಹೋದರು. ಎಪ್ಪತ್ತು ದಾಟಿದ್ದರೂ ಭುಜ ಅಗಲ, ನಡಿಗೆ ಬಿರುಸು. ಕಲ್ಲಿನ ಮೇಲೆ, ಹುಲ್ಲಿನ ಮೇಲೆ ಕಪ್ಪು ರಕ್ತ, ಅರೆ ಜೀರ್ಣವಾದ ಹಸಿರು ಚೂರು ಬಿದ್ದಿದ್ದವು. ಪ್ರಗತಿ ಇನ್ನೊಮ್ಮೆ ಕೂಗಿದಳು. ಆಮೇಲೆ ರೈಫಲ್ ಹಿಡಿದು ಹಿಂದೆಯೇ ಓಡಿದಳು. ಓಡುತ್ತಲೇ ಬೋಲ್ಟ್ ಎಳೆದು ಹೊಸ ಗುಂಡು ತುಂಬಿದಳು.

ಪೊದೆಯೊಳಗೆ ಕತ್ತಲೆ ಕತ್ತಲೆ. ಸೀಡರ್ ಕೊಂಬೆಗಳು ಮುಖಕ್ಕೆ ಗೀರುತ್ತಿದ್ದವು. ಮಾವನ ಕಿತ್ತಳೆ ಬಣ್ಣದ ಜಾಕೆಟ್ ಮುಂದೆ ಕಂಡಿತು, ನಿಂತಿತು.

ಅದು ಮಲಗಿತ್ತು. ತಲೆ ತಗ್ಗಿಸಿ, ಗದ್ದ ಎದೆಗೊತ್ತಿ, ಕೊಂಬುಗಳನ್ನು ಮುಂದಕ್ಕೆ ಚಾಚಿ ಮಲಗಿತ್ತು. ಸತ್ತಿದೆ ಎಂದುಕೊಂಡರೋ ಏನೋ, ಕೃಷ್ಣಮೂರ್ತಿ ಒಂದು ಹೆಜ್ಜೆ ಮುಂದಿಟ್ಟರು.

ಏಳುವುದು ಕಾಣಲೇ ಇಲ್ಲ ಎಂಬಷ್ಟು ಬೇಗ ಅದು ಎದ್ದಿತು. ಬಲಗೊಂಬು ಅವರ ತೊಡೆಯ ಸಂದಿಗೆ ಹೊಕ್ಕಿತು. ಆ ದೊಡ್ಡ ಮೈಯನ್ನು ನೆಲದಿಂದ ಎತ್ತಿ, ಒಮ್ಮೆ ಕೊಡವಿ, ಬೀಳಿಸಿ, ನೆಲಕ್ಕೆ ಒತ್ತಿ ಹಿಡಿಯಿತು. ಮಾವ ಕಿರುಚಿದರು. ಪ್ರಗತಿ ರೈಫಲ್ ಎತ್ತಿದಳು. ಸ್ಕೋಪಿನ ತುಂಬ ಬರೀ ಬೂದು ಕೂದಲು. ಎಲ್ಲಿ ಭುಜ, ಎಲ್ಲಿ ಕತ್ತು, ಎಲ್ಲಿ ಮಾವ, ಒಂದೂ ಗೊತ್ತಾಗಲಿಲ್ಲ. ಆ ಬೂದು ಮೈಗೇ ಹೊಡೆದಳು. ಪ್ರಾಣಿ ತತ್ತರಿಸಿತು, ಆದರೆ ತಲೆ ಎತ್ತಲಿಲ್ಲ; ಗರಗಸ ಆಡಿಸಿದ ಹಾಗೆ ಕೊಂಬನ್ನು ಆಡಿಸುತ್ತಲೇ ಇತ್ತು. ಪ್ರಗತಿ ಬೋಲ್ಟ್ ಎಳೆದು, ಸ್ಕೋಪ್ ಬಿಟ್ಟು, ನಾಲ್ಕು ಹೆಜ್ಜೆ ಓಡಿ ಹೋಗಿ ನಳಿಗೆಯನ್ನು ಅದರ ಕಿವಿಯ ಕೆಳಗೆ ಒತ್ತಿ ಕುದುರೆ ಎಳೆದಳು.

ಬಿಸಿ ರಕ್ತ ಅವಳ ಬಾಯಿಗೆ ಬಿತ್ತು. ಪ್ರಾಣಿ ಪಕ್ಕಕ್ಕೆ ಉರುಳಿತು. ಕೊಂಬು ಮಾವನ ತೊಡೆಯಿಂದ ಕಿತ್ತುಕೊಂಡು ಬಂತು, ಅದರ ಹಿಂದೆಯೇ ಕೆಂಪು ರಕ್ತ ಚಿಮ್ಮಿತು. ನಲ್ಲಿಯ ಹಾಗೆ, ನಿಂತು ನಿಂತು, ಎದೆಬಡಿತದ ಲೆಕ್ಕಕ್ಕೆ.

ಕೃಷ್ಣಮೂರ್ತಿ ತಮ್ಮ ತೊಡೆಯನ್ನು ತಾವೇ ನೋಡಿದರು. ಆಮೇಲೆ ಅವರ ಬಾಯಿಂದ ಬಂದದ್ದು ಆಪರೇಷನ್ ಥಿಯೇಟರಿನ ದನಿ.

“ಇಲ್ಲಿ ಬಾ. ಮಂಡಿಯೂರು. ಬೆಲ್ಟ್ ಕಟ್ಟೋಕೆ ಆಗಲ್ಲ, ತುಂಬ ಮೇಲಿದೆ. ಕೈ ಹಾಕು.”

“ಎಲ್ಲಿಗ್ರಿ?”

“ಒಳಗೆ! ಗಾಯದ ಒಳಗೆ! ಬೆರಳು ಹಾಕಿ ಮೇಲಕ್ಕೆ ತಳ್ಳು. ಮೂಳೆ ಸಿಗುತ್ತೆ. ಅದರ ಮೇಲೆ ಬಿಸಿಯಾಗಿ ಕುಣೀತಿರುತ್ತೆ ನೋಡು, ಅದನ್ನ ಮೂಳೆಗೆ ಒತ್ತು.”

ಅವಳು ಕೈ ಹಾಕಿದಳು. ಬಿಸಿ, ಜಾರಿಕೆ, ಹರಿದ ಮಾಂಸದ ಎಳೆಗಳು. ಮಾವ ಹಲ್ಲು ಕಚ್ಚಿ ಹೂಂಕರಿಸಿದರು. ಬೆರಳಿಗೆ ಗಟ್ಟಿಯಾದದ್ದು ಸಿಕ್ಕಿತು, ಅದರ ಮೇಲೆ ಹುಳುವಿನಂತೆ ಹೊರಳುವ ಏನೋ ಒಂದು. ಒತ್ತಿದಳು. ಜಾರಿತು. ರಕ್ತ ಮತ್ತೆ ಮೊಣಕೈವರೆಗೆ ಹಾರಿತು.

“ದರಿದ್ರದವಳೇ, ಒತ್ತು ಅಂದ್ರೆ ಒತ್ತು! ನಿನ್ನ ಮೈಭಾರವೆಲ್ಲ ಹಾಕು!”

ಅವಳು ಮೈಭಾರವೆಲ್ಲ ಹಾಕಿದಳು. ರಕ್ತ ನಿಂತಿತು.

ಆಗಲೇ ಅವಳ ಬೆನ್ನಿಗೆ ಸುತ್ತಿಗೆಯಂತಹ ಪೆಟ್ಟು ಬಿತ್ತು. ಪಕ್ಕದಲ್ಲಿ ಬಿದ್ದಿದ್ದ ಗೆಮ್ಸ್‌ಬಾಕ್ ಕಾಲು ಒದೆಯುತ್ತಿತ್ತು. ಗೊರಸು ಇನ್ನೊಮ್ಮೆ ಬಡಿಯಿತು. ಪಕ್ಕೆಲುಬು ಲಟಕ್ಕೆಂದದ್ದು ಅವಳ ಕಿವಿಗೇ ಕೇಳಿಸಿತು. ಕಣ್ಣು ಕತ್ತಲಿಟ್ಟಿತು. ಸರಿದುಕೊಳ್ಳಬೇಕೆಂದರೆ ಬೆರಳು ತೆಗೆಯಬೇಕು.

“ಬಿಡಬೇಡ,” ಎಂದರು ಮಾವ. ಈಗ ದನಿ ಸಣ್ಣಗಾಗಿತ್ತು. “ಬಿಟ್ರೆ ಹೋದೆ.”

“ಬಿಡೂದಿಲ್ರಿ.”

ಗೊರಸು ಮೂರನೆಯ ಸಲ ಬಂದು ಸೊಂಟಕ್ಕೆ ತಾಗಿತು. ಪ್ರಗತಿ ಮಾವನ ಜಾಕೆಟ್ಟನ್ನು ಹಲ್ಲಿನಿಂದ ಕಚ್ಚಿ ಹಿಡಿದಳು. ಪ್ರಾಣಿಯ ಕಣ್ಣು ಅವಳ ಮೊಣಕೈಯ ಪಕ್ಕದಲ್ಲೇ ಇತ್ತು, ತೆರೆದೇ ಇತ್ತು, ಮೂಗಿನಿಂದ ಕೆಂಪು ನೊರೆ ಗುಳ್ಳೆಗಟ್ಟುತ್ತಿತ್ತು. ಗುಳ್ಳೆಗಳು ನಿಧಾನವಾದವು. ಮಾವನ ಕಣ್ಣೂ ಮುಚ್ಚಿತು. ಅವಳು ಒತ್ತುತ್ತಲೇ ಇದ್ದಳು. ಬೆರಳುಗಳು ಮರಗಟ್ಟಿ ಅವು ಅಲ್ಲಿವೆಯೋ ಇಲ್ಲವೋ ತಿಳಿಯದಾದಾಗಲೂ ಒತ್ತುತ್ತಿದ್ದಳು. ಗುಂಡಿನ ಸದ್ದು ಕೇಳಿ ಓಡಿ ಬಂದ ವೇಡ್ ಅವಳ ಕೈ ಬಿಡಿಸಲು ನೋಡಿದಾಗ ಅವನ ಮೇಲೆ ಕನ್ನಡದಲ್ಲಿ ಚೀರಿದಳಂತೆ. ಅವನು ಮತ್ತೆ ಗುಡ್ಡ ಹತ್ತಿ ಕರೆಸಿದ ಹೆಲಿಕಾಪ್ಟರ್ ಬಂದು, ಅದರವರು ಗಾಯದೊಳಗೆ ಹತ್ತಿಯ ಪಟ್ಟಿ ತುರುಕಿ ಭದ್ರ ಮಾಡುವವರೆಗೂ ಅವಳು ಕೈ ತೆಗೆಯಲಿಲ್ಲ.

ಆಸ್ಟಿನ್ನಿನ ಆಸ್ಪತ್ರೆಯಲ್ಲಿ ಕೃಷ್ಣಮೂರ್ತಿ ಬದುಕಿಕೊಂಡರು. ಕಾಲು ಉಳಿಯಲಿಲ್ಲ. ಬಹಳ ಹೊತ್ತು ರಕ್ತವಿಲ್ಲದೆ ಸತ್ತಿದ್ದ ಕಾಲನ್ನು ಮಂಡಿಯ ಮೇಲಕ್ಕೆ ಕತ್ತರಿಸಿ ತೆಗೆದರು. ಪ್ರಗತಿಯ ಎರಡು ಪಕ್ಕೆಲುಬು ಮುರಿದಿದ್ದವು, ಉಸಿರೆಳೆದರೆ ಚೂರಿ ಹಾಕಿದಂತಾಗುತ್ತಿತ್ತು. ಎರಡನೆಯ ದಿನ ವಾರ್ಡನ್ ಹೆಂಗಸು ಹೇಳಿಕೆ ತೆಗೆದುಕೊಳ್ಳಲು ಬಂದಳು. ಗಿರಿಧರ ಹೆಂಡತಿಯನ್ನು ಪಕ್ಕಕ್ಕೆ ಕರೆದ.

“ಗಾಬರೀಲಿ ಏನಾಯ್ತೋ ಗೊತ್ತಿಲ್ಲ ಅಂದುಬಿಡು.”

“ವೇಡ್ ಕಣ್ಣಾರೆ ನೋಡ್ಯಾನ.”

“ಅವನು ಹೇಳ್ಲಿ. ನೀನು ಹೇಳೋದು ಬೇಡ. ಅಪ್ಪನಿಗೆ ಕಾಲು ಹೋಗಿದೆ ಪ್ರಗತಿ.”

ಪ್ರಗತಿ ಒಳಗೆ ಹೋಗಿ, ಮಾವ ರೈಫಲ್ ಕಿತ್ತುಕೊಂಡದ್ದರಿಂದ ಹಿಡಿದು ಎಲ್ಲವನ್ನೂ ಹೇಳಿ ಸಹಿ ಹಾಕಿದಳು. ಕೃಷ್ಣಮೂರ್ತಿಯ ಮೇಲೆ ಕೇಸಾಯಿತು, ಬೇಟೆಯ ಲೈಸೆನ್ಸ್ ಹೋಯಿತು. ಪ್ರಾಣಿಯ ಮಾಂಸದಲ್ಲಿ ಕೆಡದೆ ಉಳಿದಿದ್ದನ್ನು ಹಸಿದವರಿಗೆ ಅಡುಗೆ ಮಾಡಿ ಹಾಕುವ ಕಡೆಗೆ ಕೊಡಲು ಹೇಳಿದಳು. ಕೊಂಬು ಬೇಕೇ ಎಂದು ವೇಡ್ ಫೋನ್ ಮಾಡಿ ಕೇಳಿದಾಗ ಬೇಡ ಎಂದಳು.

ಮಾವ ಅವಳ ಜೊತೆ ಮಾತು ಬಿಟ್ಟರು. ಅವಳು ಹ್ಯೂಸ್ಟನ್ನಿಗೆ ಹೋದರೆ ರೂಮಿನ ಬಾಗಿಲು ಹಾಕಿಕೊಳ್ಳುತ್ತಿದ್ದರು. ಕೃತಕ ಕಾಲು ಕಟ್ಟಲು ಬಂದವನ ಮೇಲೆ ಆ ಕಾಲನ್ನೇ ಎಸೆದರಂತೆ. ಅತ್ತೆ ಅನಸೂಯಾ ಮಾತ್ರ ಅಡುಗೆಮನೆಯಲ್ಲಿ ಅವಳ ಕೈ ಹಿಡಿದು ಅಂಗೈ ಮೇಲೆ ಮಾಡಿ, ಬೆರಳುಗಳನ್ನು ಒಂದೊಂದಾಗಿ ನೋಡಿದರು. ಲಿಯಾಂಡರಿನ ಮನೆಯಲ್ಲೂ ಗಂಡ ಹೆಂಡತಿ ಬೇಕಾದಷ್ಟೇ ಮಾತಾಡುತ್ತಿದ್ದರು.

ಮೇ ತಿಂಗಳಲ್ಲಿ ಡಾಲಸ್ಸಿನ ಹತ್ತಿರ ಪ್ರಾಸ್ಪರಿನಲ್ಲಿ ಬದರಿನಾಥರ ಗೃಹಪ್ರವೇಶ ಇತ್ತು. ಮೈಸೂರಿನ ಮೆಡಿಕಲ್ ಕಾಲೇಜಿನಲ್ಲಿ ಕೃಷ್ಣಮೂರ್ತಿಯ ಜೊತೆ ಓದಿದವರು ಅವರು. ಎಲ್ಲರೂ ಹೋದರು. ಹೋಮ ಮುಗಿದು ಊಟಕ್ಕೆ ಎಲೆ ಹಾಕುವ ಹೊತ್ತು. ಹೊಸ ಬಣ್ಣದ ವಾಸನೆಯ ನಡುಮನೆಯಲ್ಲಿ ಕೃಷ್ಣಮೂರ್ತಿ ಸೋಫಾದಲ್ಲಿ ಕೂತಿದ್ದರು, ಊರುಗೋಲು ಪಕ್ಕದಲ್ಲಿ. ಸುತ್ತ ಹಳೆಯ ಸ್ನೇಹಿತರು, ಅವರ ಹೆಂಡಿರು ಮಕ್ಕಳು. ಯಾರೋ ಕಾಲಿನ ವಿಷಯ ಕೇಳಿದ್ದರು. ತಿಂಗಳುಗಟ್ಟಲೆ ಗುಮ್ಮನೆ ಕೂತಿದ್ದ ಮನುಷ್ಯನಿಗೆ ಮಾತು ಬಂದಿತ್ತು.

“ಹೆಣ್ಮಗು, ಏನ್ ಮಾಡೋಣ ಹೇಳಿ. ನಾನು ಕಾಯಿ ಕಾಯಿ ಅಂತಾನೇ ಇದ್ದೆ. ಗಾಬರಿ ಬಿದ್ದು ಹೊಟ್ಟೆಗೆ ಹೊಡೆದುಬಿಟ್ಟಳು. ಗಾಯವಾದ ಪ್ರಾಣೀನ ಹಾಗೇ ಬಿಟ್ಟು ಬರೋಕಾಗುತ್ತಾ? ಯಾರಾದ್ರೂ ಹೋಗ್ಲೇಬೇಕಲ್ಲ. ನಾನು ಹೋದೆ.”

ಜನ ತಲೆದೂಗಿದರು. ಕೋಸಂಬರಿಯ ಪಾತ್ರೆ ಹಿಡಿದು ಅಡುಗೆಮನೆಯಿಂದ ಬರುತ್ತಿದ್ದ ಪ್ರಗತಿ ಬಾಗಿಲಲ್ಲೇ ನಿಂತಳು. ಪಾತ್ರೆಯನ್ನು ಪಕ್ಕದ ಮೇಜಿನ ಮೇಲಿಟ್ಟಳು.

“ಮಾವಾರ, ಮೊದಲ್ನೇ ಗುಂಡು ಯಾರದಂತ ಹೇಳ್ರಿ.”

ಕೃಷ್ಣಮೂರ್ತಿಯ ಕುತ್ತಿಗೆಯ ನರ ಉಬ್ಬಿತು. “ಒಳಗೆ ಹೋಗು,” ಎಂದರು.

“ಹೇಳ್ರಿ. ಒಂದ್ ಮಾತು.”

ಮುಂದಿದ್ದ ಹಿತ್ತಾಳೆ ಚೆಂಬು ಅವರ ಕೈಗೆ ಬಂದದ್ದು ಯಾರಿಗೂ ಕಾಣಲಿಲ್ಲ. ಅದು ಪ್ರಗತಿಯ ಕಿವಿಯ ಪಕ್ಕದಲ್ಲಿ ಹಾದು, ಹೊಸ ಗೋಡೆಗೆ ಬಡಿದು, ಅಲ್ಲಿ ತಗ್ಗು ಮಾಡಿ, ಕೆಳಗೆ ಬಿದ್ದು ಉರುಳಿತು. ಒಂದು ಮಗು ಅಳತೊಡಗಿತು. ಅವರು ಊರುಗೋಲಿಗೆ ಕೈ ಹಾಕಿದರು, ಎತ್ತಿದರು. ಅಷ್ಟರಲ್ಲಿ ಗಿರಿಧರ ಅವರ ಮುಂಗೈ ಹಿಡಿದಿದ್ದ.

“ಸಾಕಪ್ಪ.”

“ಬಿಡೋ!”

“ಬಿಡಲ್ಲ.”

ಅಪ್ಪ ಕೊಸರಿದರು. ಮಗನ ಹಿಡಿತ ಸಡಿಲವಾಗಲಿಲ್ಲ. ಊರುಗೋಲು ಗಾಳಿಯಲ್ಲೇ ನಿಂತಿತ್ತು. ಕೃಷ್ಣಮೂರ್ತಿ ತಮ್ಮ ಮುಂಗೈಯ ಮೇಲಿದ್ದ ಆ ಕೈಯನ್ನು ನೋಡಿದರು. ಮಗನ ಮುಖ ನೋಡಿದರು. ಆಮೇಲೆ ಅವರ ತೋಳಿನ ಬಿಗಿ ತಾನಾಗಿ ಇಳಿಯಿತು, ಗಿರಿಧರ ಊರುಗೋಲನ್ನು ತೆಗೆದು ಗೋಡೆಗೊರಗಿಸಿದ.

“ನಂದು,” ಎಂದರು ಕೃಷ್ಣಮೂರ್ತಿ.

ಅವರೇ ಮುಂದುವರಿಸಿದರು, ನೆಲ ನೋಡಿಕೊಂಡು. “ಮೊದಲನೇ ಗುಂಡು ನಂದು. ಇವಳ ಪಕ್ಕೆಗೆ ಗುದ್ದಿ ಕಿತ್ಕೊಂಡೆ. ಎಷ್ಟು ವರ್ಷ ಅರ್ಜಿ ಹಾಕಿದ್ದೆ ಬದರಿ... ಅದು ಪೊದೆ ಒಳಗೆ ಹೋಗ್ತಾ ಇತ್ತು. ತಡೆಯೋಕೆ ಆಗ್ಲಿಲ್ಲ. ಹೋಗ್ಬೇಡಿ ಅಂತ ಇವಳು ಕೂಗಿದ್ದು ಕೇಳಿಸ್ತು. ಕೇಳಿಸಿಯೇ ಹೋದೆ.”

ಬದರಿನಾಥ ಎದ್ದು ನೀರಿನ ಲೋಟ ತಂದುಕೊಟ್ಟರು. ಕೃಷ್ಣಮೂರ್ತಿ ಎರಡೂ ಕೈಯಲ್ಲಿ ಹಿಡಿದು ಕುಡಿದರು. ಕೊಂಬು ಹೊಕ್ಕದ್ದನ್ನು ಹೇಳಿದರು, ತಮ್ಮನ್ನು ಎತ್ತಿ ಕೊಡವಿದ್ದನ್ನು ಹೇಳಿದರು, ಸೊಸೆಯ ಬೆರಳು ತಮ್ಮ ತೊಡೆಯೊಳಗೆ ಮೂಳೆ ಹುಡುಕಿದ್ದನ್ನು ಹೇಳಿದರು. ಮಕ್ಕಳನ್ನು ಒಳಗೆ ಕಳಿಸಬೇಕೆಂದು ಯಾರಿಗೂ ತೋಚಲಿಲ್ಲ. ಹೇಳುತ್ತ ಹೇಳುತ್ತ ಒಂದು ಕಡೆ ತಡವರಿಸಿ ನಿಂತರು.

“ಅಲ್ಲಿಂದಾಚೆ ನಂಗೆ ಗೊತ್ತಿಲ್ಲ. ಕಣ್ಣು ಮುಚ್ಚಿಹೋಯ್ತು.” ತಿಂಗಳುಗಳ ಮೇಲೆ ಅವರು ಮೊದಲ ಸಲ ಸೊಸೆಯ ಮುಖ ನೋಡಿದರು. “ಆಮೇಲೆ ಏನಾಯ್ತಮ್ಮ? ನೀನು ಹೇಳು.”

ಪ್ರಗತಿ ಬಂದು ಎದುರಿನ ಕುರ್ಚಿಯ ತುದಿಗೆ ಕೂತಳು. ಈ ನಾಲ್ಕು ತಿಂಗಳಲ್ಲಿ ಇದನ್ನು ಮನೆಯವರು ಯಾರೂ ಕೇಳಿರಲಿಲ್ಲ, ಗಂಡನೂ ಕೇಳಿರಲಿಲ್ಲ. ಗಿರಿಧರ ಅವಳ ಕುರ್ಚಿಯ ಹಿಂದೆ ಬಂದು ನಿಂತ. ಅವಳು ತನ್ನ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಳು.

“ಪ್ರಾಣಿ ಇನ್ನೂ ಸತ್ತಿದ್ದಿಲ್ರಿ,” ಎಂದು ಶುರುಮಾಡಿದಳು.